ಬದನೆಕಾಯಿ ಬೇಡವೆಂದ ಬೀಗರು

ಟಿಕೆಟ್ ತೆಗೆದುಕೊಳ್ಳದೆ ಕೂತವನನ್ನು ನಾನು ಬಸ್ಸಿನ ಬಾಗಿಲಲ್ಲಿ ನಿಂತೇ ಗುರುತಿಸಬಲ್ಲೆ. ಅವನು ಕಿಟಕಿಯಾಚೆ ನೋಡುವುದಿಲ್ಲ, ನೋಡುತ್ತಿರುವ ಹಾಗೆ ಕೂತಿರುತ್ತಾನೆ. ಎರಡಕ್ಕೂ ವ್ಯತ್ಯಾಸವಿದೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಂದು ಆಯುಷ್ಯವೆಲ್ಲ ಕಂಡಕ್ಟರನಾಗಿ ಸುತ್ತಿದವನಿಗೆ ಒಲಿದ ವಿದ್ಯೆ ಇದು. ನಿವೃತ್ತಿಯಾದ ದಿನ ಬ್ಯಾಗು, ಸೀಟಿ ಎರಡನ್ನೂ ವಾಪಸು ಕೊಟ್ಟೆ. ಅನುಮಾನವನ್ನು ಯಾರೂ ವಾಪಸು ಕೇಳಲಿಲ್ಲ.

ನನ್ನ ಇನ್ನೊಂದು ವಿದ್ಯೆ ಸುಳ್ಳು ಹೇಳುವುದು. ನಾನೇ ಹೇಳಿಕೊಂಡರೆ ಜಂಬ ಎನ್ನುತ್ತೀರಿ, ಹೇಳದಿದ್ದರೆ ನಾಲ್ಕು ತಾಲ್ಲೂಕಿಗೂ ಅನ್ಯಾಯ. ಗೊರಕೆ ಹೊಡೆಯುವ ಪ್ರಯಾಣಿಕರನ್ನು ಹಿರಿಯೂರು ದಾಟಿತು ಎಂದು ಎಬ್ಬಿಸಿ, ಚೀಲ ಹೊತ್ತುಕೊಂಡು ಬಾಗಿಲಿಗೆ ಓಡಿಸುತ್ತಿದ್ದೆ. ಬಸ್ಸು ಇನ್ನೂ ಐಮಂಗಲವನ್ನೇ ದಾಟಿರುತ್ತಿರಲಿಲ್ಲ. ಹೀಗೆ ಅತಿ ಹೆಚ್ಚು ಸಲ ಓಡಿದ ಮಹಾನುಭಾವರೊಬ್ಬರಿದ್ದರು. ಯಲ್ಲದಕೆರೆಯ ಬೇಸಾಯಗಾರರು. ಎಷ್ಟು ಸಲ ಮೋಸ ಹೋದರೂ ಮುಂದಿನ ವಾರ ನನ್ನ ಬಸ್ಸಿಗೇ ಕಾಯುತ್ತಿದ್ದರು. ಇಂಥ ಒಳ್ಳೆಯ ಗಿರಾಕಿಯನ್ನು ಕಳೆದುಕೊಳ್ಳಬಾರದೆಂದು ಅವರ ಮಗಳನ್ನು ನನ್ನ ಮಗನಿಗೆ ತಂದುಕೊಂಡೆ. ಪ್ರಯಾಣಿಕರು ಬೀಗರಾದರು. ಬೀಗರನ್ನು ಗೇಲಿ ಮಾಡುವುದಕ್ಕೆ ನಮ್ಮ ಕಡೆ ಶಾಸ್ತ್ರದ ಒಪ್ಪಿಗೆಯೇ ಇರುವುದರಿಂದ ನನಗೆ ಇನ್ನೂ ಅನುಕೂಲವಾಯಿತು.

ಈಚೆಗೆ, ಒಂದು ಮಧ್ಯಾಹ್ನ, ಹೊಳಲ್ಕೆರೆಯಿಂದ ದುರ್ಗಕ್ಕೆ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ರಸ್ತೆಯ ಬದಿಯ ಹೊಲದಲ್ಲಿ ಒಂದು ಹಳೆಯ ಕಲ್ಲುಬಾವಿ. ಅದರ ಕಟ್ಟೆಗೆ ಎದೆ ಕೊಟ್ಟು ಒಳಗೆ ಇಣುಕುತ್ತಿದ್ದ ಪಂಚೆಯ ಮನುಷ್ಯ ನಮ್ಮ ಬೀಗರೇ. ಎಲ್ಲಿಯ ಯಲ್ಲದಕೆರೆ, ಎಲ್ಲಿಯ ಹೊಳಲ್ಕೆರೆ. ತಕ್ಷಣ ಫೋನು ಮಾಡಿ ಎಲ್ಲಿದ್ದೀರಿ ಎಂದು ಕೇಳಿದೆ. ಹೊಲದಲ್ಲಿ ಈರುಳ್ಳಿಗೆ ನೀರು ಹಾಯಿಸುತ್ತಿದ್ದೇನೆ ಎಂದರು. ಬಸ್ಸು ತಿರುವು ದಾಟುವವರೆಗೂ ನಾನು ಅವರನ್ನು ಕಿಟಕಿಯಿಂದ ನೋಡುತ್ತಲೇ ಇದ್ದೆ. ಫೋನು ಕಿವಿಯಲ್ಲಿತ್ತು, ಕಣ್ಣು ಬಾವಿಯಲ್ಲಿತ್ತು.

ಎರಡು ದಿನ ಬಿಟ್ಟು ಬಸ್ ನಿಲ್ದಾಣದ ಟೀ ಅಂಗಡಿಯವನು ಇನ್ನೊಂದು ಸುದ್ದಿ ಕೊಟ್ಟ. ನನ್ನ ಬೀಗರು ಬಂದಿದ್ದರಂತೆ. ಚಂದ್ರವಳ್ಳಿಯ ಕಡೆ ನೀರಿರುವ ಹಳೆಯ ಬಾವಿ ಯಾವುದಾದರೂ ಉಂಟೇ ಎಂದು ವಿಚಾರಿಸಿದರಂತೆ.

ದುರ್ಗದವರಿಗೆ ಇಷ್ಟು ಸಾಕು. ನಮ್ಮೂರಲ್ಲಿ ಹುಟ್ಟಿದವನಿಗೆ ಯಾವ ಬಂಡೆ ಕಂಡರೂ ಅದರ ಅಡಿಯಲ್ಲಿ ಏನೋ ಇದೆ ಎನಿಸುತ್ತದೆ. ಬೀಗರಿಗೆ ನಿಧಿಯ ಸುಳಿವು ಸಿಕ್ಕಿದೆ, ನನಗೆ ಗೊತ್ತಾಗದ ಹಾಗೆ ಒಬ್ಬರೇ ಹುಡುಕುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ನಿಧಿಗಿಂತ ಹೆಚ್ಚಾಗಿ ನನ್ನನ್ನು ಉರಿಸಿದ್ದು ಅವರು ನನ್ನಿಂದ ಮುಚ್ಚಿಟ್ಟದ್ದು. ಬೀಗರಿಗೆ ಗುಟ್ಟೇ?

ಆ ದಿನಗಳಲ್ಲಿ ನನ್ನ ಅನುಮಾನಕ್ಕೆ ಒಂದಲ್ಲ, ಎರಡು ಕೆಲಸ. ನಮ್ಮ ಮನೆಯ ಕಂದು ನಾಯಿ ಹಿಂದಿನ ವಾರವಷ್ಟೇ ಸತ್ತಿತ್ತು. ಮೊದಲು ಊಟ ಬಿಟ್ಟಿತು. ಮಂಚದ ಕೆಳಗೆ ಕತ್ತಲಲ್ಲಿ ಹೋಗಿ ಮಲಗಿತು. ಬೊಗಳಿದರೆ ಗಂಟಲು ಕಟ್ಟಿದ ಮುದುಕನ ದನಿ. ಬಾಯಿಂದ ಜೊಲ್ಲು. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದುಕೊಂಡು ನಾನೇ ಬಾಯೊಳಗೆ ಕೈ ಹಾಕಿ ತಡಕಾಡಿದೆ. ಮೂಳೆ ಸಿಗಲಿಲ್ಲ, ಹಲ್ಲು ತಾಗಿ ತೋರುಬೆರಳು ಗೀಚಿತು. ಅರಿಶಿನ ಮೆತ್ತಿ ಸುಮ್ಮನಾದೆ. ಮೂರನೆಯ ದಿನ ಹಿತ್ತಲಲ್ಲಿ ಸತ್ತು ಬಿದ್ದಿತ್ತು. ಪಕ್ಕದ ಮನೆಯವನೇ ವಿಷ ಹಾಕಿದ್ದಾನೆ ಎಂದು ನಾನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅವನ ಕೋಳಿಗಳ ವಿಷಯದಲ್ಲಿ ನಮ್ಮ ನಾಯಿಗೂ ಅವನಿಗೂ ಹಳೆಯ ತಕರಾರು.

ಇರಲಿ, ಬೀಗರ ವಿಷಯ. ಬಾಯಿಗೆ ಕರವಸ್ತ್ರ ಹಿಡಿದು, ಸೊಸೆಗೂ ಗೊತ್ತಿಲ್ಲದ ಬೇರೆ ನಂಬರಿನಿಂದ, ಸರ್ಕಾರದ ದೊಡ್ಡ ಸಾಹೇಬನ ದನಿಯಲ್ಲಿ ಫೋನು ಮಾಡಿದೆ. ಈ ದನಿಗೆ ನಾನು ಹಿಂದೆ ಡಿಪೋದಲ್ಲಿ ಪ್ರಸಿದ್ಧ. ಅನುಮತಿಯಿಲ್ಲದೆ ಹಳೆಯ ಬಾವಿಗಳಲ್ಲಿ ಏನು ಹುಡುಕುತ್ತಿದ್ದೀರಿ ಎಂದು ಗದರಿಸಿದೆ.

"ಏನೂ ಹುಡುಕ್ತಿಲ್ಲ ಸ್ವಾಮಿ," ಎಂದರು ಬೀಗರು. "ಆರು ನೋಡಿದೀನಿ. ಇನ್ನೊಂದು ಬಾಕಿ ಐತೆ. ಅದೊಂದು ಆದ್ರೆ ಮುಗೀತು."

ಫೋನು ಇಟ್ಟ ಮೇಲೆ ನನಗೆ ನಿದ್ದೆ ಬರುವುದು ಹೇಗೆ? ಏಳು. ಕತೆಗಳಲ್ಲಿ ಹೊನ್ನು ಯಾವಾಗಲೂ ಏಳು ಕೊಪ್ಪರಿಗೆಯಲ್ಲೇ ಇರುತ್ತದೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಯಲ್ಲದಕೆರೆಗೆ ಹೊರಟೆ.

ಬೀಗರು ಜಗುಲಿಯಲ್ಲಿ ಕೂತಿದ್ದರು. ಸುಡುವ ಬಿಸಿಲಿನಲ್ಲಿ ತುಂಬುತೋಳಿನ ಅಂಗಿ, ಗುಂಡಿ ಮಣಿಕಟ್ಟಿನವರೆಗೆ. ನನ್ನನ್ನು ನೋಡಿ ಬರ್ರಿ ಕುಂತ್ಕಳ್ರಿ ಎಂದರು, ಮುಖ ಮಾತ್ರ ಕಿಟಕಿಯಾಚೆ ನೋಡುತ್ತಿರುವ ಹಾಗೆ ಕೂತವನ ಮುಖ. ಬಾವಿಯ ಸುದ್ದಿಯನ್ನು ನಾನು ಎತ್ತಲಿಲ್ಲ. ಒಳ್ಳೆಯ ಕಂಡಕ್ಟರು ಮೊದಲು ಟಿಕೆಟ್ ಕೇಳುವುದಿಲ್ಲ, ಪಕ್ಕದಲ್ಲಿ ಬಂದು ಸುಮ್ಮನೆ ನಿಲ್ಲುತ್ತಾನೆ.

ಊಟಕ್ಕೆ ಎಲೆ ಹಾಕಿದರು. ಬೀಗಿತ್ತಿ, ಅಂದರೆ ಬೀಗರ ಹೆಂಡತಿ, ಮುದ್ದೆಗೆ ಎಣ್ಣೆಗಾಯಿ ಮಾಡಿದ್ದರು. ಆಕೆಯ ಕೈಯ ಬದನೆಕಾಯಿ ಎಣ್ಣೆಗಾಯಿ ಎಂದರೆ ನಾನು ಬಸ್ಸು ನಿಲ್ಲಿಸಿಯೇ ತಿನ್ನುವಂಥದು. ಬೀಗರಂತೂ ಮದುವೆಯ ಮನೆಯಲ್ಲಿ ನನ್ನ ಎಲೆಯಿಂದಲೇ ಒಂದು ಬದನೆಕಾಯಿ ಎತ್ತಿಕೊಂಡ ಧೀರರು. ಅಂಥವರ ಎಲೆಯಲ್ಲಿ ಅನ್ನ, ಹಾಲು. ಬದನೆಕಾಯಿಯ ಪಾತ್ರೆ ಹತ್ತಿರ ಬಂದಾಗ ಎಡಗೈಯನ್ನು ಮೊಣಕಾಲ ಕೆಳಗೆ ಅಡಗಿಸಿ ತಲೆ ಅಲ್ಲಾಡಿಸಿದರು. ಮಂಡಿನೋವಿಗೆ ಹಳ್ಳಿ ಔಷಧಿ ತಗೊಂಡಿದ್ದಾರೆ, ನಲವತ್ತು ದಿನ ಪಥ್ಯವಂತೆ, ಎಂದು ಬೀಗಿತ್ತಿ ಹೇಳಿದರು.

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬದನೆಕಾಯಿ ಬೇಡ. ಏಳು ಬಾವಿ. ಈ ಎರಡನ್ನೂ ಒಟ್ಟಿಗೆ ನಾನು ಎಲ್ಲೋ ಕೇಳಿದ್ದೆ. ಎಲ್ಲೋ ಏನು, ನನ್ನ ಸ್ವಂತ ಹೊಟ್ಟೆಯ ಮೇಲೆಯೇ ಅನುಭವಿಸಿದ್ದೆ.

ಚಿಕ್ಕವನಿದ್ದಾಗ ನನಗೂ ನಾಯಿ ಕಚ್ಚಿತ್ತು. ಅವ್ವ ನನ್ನ ಕೈ ಹಿಡಿದು ಏಳು ಬಾವಿ ಸುತ್ತಿಸಿ ಇಣುಕಿಸಿದ್ದಳು. ನೀರಲ್ಲಿ ನಿನ್ನ ಮುಖ ಕಂಡರೆ ಬದುಕಿದೆ, ನಾಯಿಯ ಮುಖ ಕಂಡರೆ ಮುಗಿಯಿತು ಎನ್ನುವ ಲೆಕ್ಕ. ಮನೆಯಲ್ಲಿ ಬದನೆಕಾಯಿ ಬಂದ್. ಆಮೇಲೆ ಅಪ್ಪ ಬೈದು ಆಸ್ಪತ್ರೆಗೆ ಎಳೆದುಕೊಂಡು ಹೋದ. ಆ ಕಾಲದಲ್ಲಿ ಸೂಜಿಯನ್ನು ಹೊಕ್ಕುಳ ಸುತ್ತ, ದಿನಾ ಹಾಕುತ್ತಿದ್ದರು. ನಾನು ಬದುಕಿದ್ದು ಬಾವಿಯಿಂದಲೇ ಎಂದು ಅವ್ವ ಕಡೆಯವರೆಗೂ ಸಾಧಿಸಿದಳು. ಆ ನಾಯಿಯ ವಿಷಯವಾಗಿ ಆಕೆ ಹೇಳುತ್ತಿದ್ದ ಒಂದು ಮಾತು ಈಗ ಎಲೆಯ ಮುಂದೆ ಕೂತಾಗ ನೆನಪಾಯಿತು. ಅದು ಗಂಟಲಾಗೆ ಮೂಳೆ ಸಿಕ್ಕಂಗೆ ಆಡ್ತಿತ್ತು ಕಣಪ್ಪ ಎನ್ನುತ್ತಿದ್ದಳು.

ನನ್ನ ತೋರುಬೆರಳನ್ನು ನೋಡಿಕೊಂಡೆ. ಅರಿಶಿನದ ಬಣ್ಣ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು.

"ಬೀಗ್ರೇ," ಎಂದೆ, "ನಿಮ್ಮನ್ನ ಕಚ್ಚಿದ್ದು ಯಾವ ನಾಯಿ?"

ಬೀಗಿತ್ತಿಯ ಸೌಟು ಪಾತ್ರೆಯ ಅಂಚಿಗೆ ತಾಗಿ ಸದ್ದಾಯಿತು. ಬೀಗರು ಹಾಲನ್ನವನ್ನು ಕಲಸುತ್ತಲೇ ಇದ್ದರು.

"ನಿಮ್ದೇ ಕಣ್ರಿ," ಎಂದರು ಕೊನೆಗೆ.

ಮೊಮ್ಮಗಳ ಕಿವಿ ಚುಚ್ಚಿಸಿದ ದಿನ ನಮ್ಮ ಮನೆಗೆ ಬಂದಿದ್ದರಲ್ಲ, ಅವತ್ತು ಹಿತ್ತಲಲ್ಲಿ ಕೈ ತೊಳೆಯಲು ಹೋದಾಗ ನಾಯಿ ಎಡಗೈಯನ್ನು ಹಿಡಿದಿತ್ತು. ಬೊಗಳಲಿಲ್ಲ, ಗುರುಗುಟ್ಟಲಿಲ್ಲ, ಸುಮ್ಮನೆ ಬಂದು ಹಿಡಿಯಿತಂತೆ. ಅಂಗಿಯ ತೋಳು ಇಳಿಸಿಕೊಂಡು ಬಂದು ನನ್ನ ಪಕ್ಕದಲ್ಲೇ ಕೂತು ಹೋಳಿಗೆ ತಿಂದಿದ್ದರು. ಯಾಕೆ ಹೇಳಲಿಲ್ಲ ಎಂದು ಬೀಗಿತ್ತಿ ಕೇಳಿದರು. ಅವರು ನನ್ನ ಕಡೆ ಗಲ್ಲ ತೋರಿಸಿದರು. ಬೀಗರ ಮನೆಯ ನಾಯಿ ಬೀಗರನ್ನೇ ಕಚ್ಚಿತು ಎನ್ನುವುದನ್ನು ಈ ಮನುಷ್ಯ ಹೊಸದುರ್ಗದಿಂದ ಹಿರಿಯೂರಿನವರೆಗೆ ಪ್ರತಿ ಸೀಟಿಗೂ ಹಂಚುತ್ತಿದ್ದ ಎಂದರು. ಸುಳ್ಳಲ್ಲ. ಹಂಚುತ್ತಿದ್ದೆ. ಅವತ್ತೇ ಶುರು ಮಾಡುತ್ತಿದ್ದೆ.

ಹಾಗಾಗಿ ಅವರು ಐದಾರು ದಿನ ಬಿಟ್ಟು ಒಬ್ಬರೇ ಹೊಸದುರ್ಗದಾಚೆಯ ಒಂದು ಹಳ್ಳಿಗೆ ಹೋಗಿ ಸೊಪ್ಪಿನ ರಸ ಕುಡಿದು, ಗಾಯಕ್ಕೆ ಸುಣ್ಣ, ಕಾರದಪುಡಿ ಮೆತ್ತಿಸಿಕೊಂಡು ಬಂದಿದ್ದರು. ಏಳು ಬಾವಿಯ ಕಟ್ಟಳೆ ಅಲ್ಲಿಯದೇ. ಬೋರ್‌ವೆಲ್ ಬಂದ ಮೇಲೆ ನೀರಿರುವ ಬಾವಿ ನಮ್ಮ ಸೀಮೆಯಲ್ಲಿ ಎಲ್ಲಿದೆ? ಅದಕ್ಕೇ ಪಾಪ ನಾಲ್ಕು ತಾಲ್ಲೂಕು ಅಲೆದಿದ್ದಾರೆ. ಐದನೆಯ ಬಾವಿಯಲ್ಲಿ ಪಾಚಿ ಕಟ್ಟಿತ್ತಂತೆ. ಅದರಲ್ಲಿ ಕಂಡದ್ದು ತಮ್ಮ ಮುಖ ಹೌದೋ ಅಲ್ಲವೋ ಸ್ಪಷ್ಟವಾಗಲಿಲ್ಲ ಎಂದು ಹೇಳುವಾಗ ಅವರ ದನಿ ಸಣ್ಣದಾಯಿತು.

ನಾಯಿ ಎಲ್ಲಿದೆ ಈಗ ಎಂದು ಬೀಗಿತ್ತಿ ನನ್ನನ್ನು ಕೇಳಿದರು. ಸತ್ತಿತು ಎಂದೆ. ಹೇಗೆ ಸತ್ತಿತು ಎಂಬುದನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಅದಕ್ಕೆ ಚುಚ್ಚುಮದ್ದು ಹಾಕಿಸಿದ್ದಿರಾ ಎಂದರು. ಸೊಸೆ ಎರಡು ಸಲ ಹೇಳಿದ್ದಳು. ನಾನು, ಹುಚ್ಚು ಹಿಡಿಯುವುದು ಬೀದಿ ನಾಯಿಗೆ, ನಮ್ಮದು ಮನೆಯಲ್ಲಿ ಮೊಸರನ್ನ ತಿನ್ನುವ ನಾಯಿ ಎಂದು ಹಾರಿಸಿದ್ದೆ. ಅದು ಹಗಲೆಲ್ಲ ಬೀದಿಯಲ್ಲಿ ಯಾರ ಜೊತೆ ಕಚ್ಚಾಡಿ ಬರುತ್ತಿತ್ತು ಎಂದು ನಾನು ಯಾವತ್ತೂ ಅನುಮಾನ ಪಟ್ಟಿರಲಿಲ್ಲ. ಜಗತ್ತನ್ನೇ ಅನುಮಾನಿಸಿದವನು ನಾಯಿಯೊಂದನ್ನು ನಂಬಿದ್ದೆ.

ಏಳ್ರಿ ಹಿರಿಯೂರಿಗೆ ಹೋಗಾಣ, ಆಸ್ಪತ್ರೆಗೆ, ಎಂದೆ. ಬೀಗರು ಕದಲಲಿಲ್ಲ. ಸೂಜಿ ಹಾಕಿಸಿದರೆ ಪಥ್ಯ ಮುರಿದು ಒಳಗಿನ ಸೊಪ್ಪಿನ ಮದ್ದು ವಿಷವಾಗುತ್ತದಂತೆ. ಅದು ಮೊದಲ ಕಾರಣ. ಎರಡನೆಯ ಕಾರಣ ನಾನೇ.

ಹಿಂದೊಮ್ಮೆ ಬಸ್ಸು ಕೆಟ್ಟು ನಿಂತಾಗ ಹೊತ್ತು ಕಳೆಯಲೆಂದು ನಾನು ಅವರಿಗೆ ನನ್ನ ನಾಯಿ ಸೂಜಿಯ ಕತೆ ಹೇಳಿದ್ದೆ. ಸೂಜಿ ಗೇರ್ ರಾಡಿನಷ್ಟು ಉದ್ದ, ಹೊಟ್ಟೆಯಿಂದ ಹೋಗಿ ಬೆನ್ನಿಗೆ ತಾಗುತ್ತದೆ, ಹಾಕಿಸಿಕೊಂಡವರಲ್ಲಿ ಅರ್ಧ ಜನ ಬಾಯಿಬಿಟ್ಟರೆ ಬೊಗಳುತ್ತಾರೆ ಎಂದಿದ್ದೆ. ಸಾಕ್ಷಿಗೆ ಅಂಗಿ ಎತ್ತಿ ಗಾಯದ ಗುರುತು ತೋರಿಸಿದ್ದೆ. ಅದು ಅಪೆಂಡಿಕ್ಸ್ ಆಪರೇಷನ್ನಿನದು.

ಈಗ ಅದೆಲ್ಲ ಸುಳ್ಳು ಎಂದೆ. ಸೂಜಿ ತೋಳಿಗೆ ಹಾಕುತ್ತಾರೆ, ಹೊಟ್ಟೆಗೆ ಹಾಕುತ್ತಿದ್ದ ಕಾಲ ಹೋಯಿತು ಎಂದೆ.

"ಆವಾಗ್ಲೂ ಇದೇ ಮುಖ ಮಾಡ್ಕಂಡೇ ಹೇಳಿದ್ರಿ," ಎಂದರು ಬೀಗರು. "ಯಾವ್ದು ಸುಳ್ಳು? ಆವತ್ತಿಂದಾ, ಇವತ್ತಿಂದಾ?"

ಎಷ್ಟೋ ವರ್ಷ ಸುಳ್ಳನ್ನು ಚಿಲ್ಲರೆಯಂತೆ ಹಂಚಿದವನ ಕೈಯಲ್ಲಿ ನಿಜದ ನೋಟೂ ನಡೆಯುವುದಿಲ್ಲ. ಹುಚ್ಚು ನಾಯಿಯ ರೋಗ ಮೈಯಲ್ಲಿ ಕಾಣಿಸಿಕೊಂಡ ಮೇಲೆ ಯಾವ ಔಷಧಿಯೂ ಇಲ್ಲ ಎನ್ನುವುದು ನನಗೆ ಗೊತ್ತಿತ್ತು. ಅದಕ್ಕೆ ಮುಂಚೆ ಹೋಗಬೇಕು. ಆಗಲೇ ಎರಡು ವಾರ ಕಳೆದಿತ್ತು. ಎದುರಿಗೆ ಕೂತ ಮನುಷ್ಯ ಬೇಡ ಎನ್ನುತ್ತಿದ್ದಾರೆ, ಅದೂ ನನ್ನ ಒಂದು ತಮಾಷೆಗೆ ಹೆದರಿ.

ನಿಜ ನಡೆಯದ ಕಡೆ ನನ್ನ ಹಳೆಯ ಕಸುಬಿಗೇ ಮರಳಿದೆ. ಏಳನೆಯ ಬಾವಿ ನನಗೆ ಗೊತ್ತು, ಆಸ್ಪತ್ರೆಯ ಹಿಂದೆಯೇ ಇದೆ, ಇಣುಕಿ ಬಂದುಬಿಡೋಣ ಎಂದೆ. ಬೀಗರು ನಂಬಲಿಲ್ಲ. ಆದರೆ ಬೀಗಿತ್ತಿ ಆಗಲೇ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ಬಾವಿಗಾದ್ರೂ ನಡೀರಿ, ಆಸ್ಪತ್ರೆಗಾದ್ರೂ ನಡೀರಿ, ಮನೇಲಿ ಕೂರೋ ಮಾತು ಇಲ್ಲ ಎಂದರು.

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ. ನಾನು ಒಂದು ನಗೆಚಟಾಕಿಯನ್ನೂ ಹಾರಿಸಲಿಲ್ಲ. ಅದು ಬೀಗರಿಗೆ ಇನ್ನಷ್ಟು ಅನುಮಾನ ತಂದಿತು. ಪದೇ ಪದೇ ತಿರುಗಿ ನನ್ನ ಮುಖ ನೋಡುತ್ತಿದ್ದರು. ನಾನು ಕಿಟಕಿಯಾಚೆ ನೋಡಿದೆ.

ಆಸ್ಪತ್ರೆಯ ಹಿಂದೆ ನಿಜವಾಗಿಯೂ ಒಂದು ಬಾವಿ ಇತ್ತು. ನನ್ನ ಸುಳ್ಳುಗಳಲ್ಲೂ ಕೆಲವಕ್ಕೆ ಹೀಗೆ ಅದೃಷ್ಟವಿರುತ್ತದೆ. ಮೇಲೆ ಕಬ್ಬಿಣದ ಜಾಲರಿ, ಒಳಗೆ ಒಣಗಿದ ಎಲೆ, ಒಂದು ತುಂಡು ಚಪ್ಪಲಿ. ಬೀಗರು ಇಣುಕಿ, ನೀರೇ ಇಲ್ಲ, ಇದು ಲೆಕ್ಕಕ್ಕೆ ಬರಲ್ಲ ಎಂದು ಗೇಟಿನ ಕಡೆ ತಿರುಗಿದರು. ನಾನು ಅವರನ್ನು ಹಿಡಿಯಲಿಲ್ಲ. ನೆಟ್ಟಗೆ ಒಳಗೆ ಹೋಗಿ ಚೀಟಿ ಮಾಡಿಸಿ, ವೈದ್ಯರ ಮುಂದೆ ಕೂತು ನನ್ನ ಬೆರಳು ತೋರಿಸಿದೆ. ಜೊಲ್ಲು, ದನಿ, ಮಂಚದ ಕೆಳಗಿನ ಕತ್ತಲು, ಮೂಳೆ, ಎಲ್ಲ ಹೇಳಿದೆ. ವೈದ್ಯರು ಬರೆಯುವುದನ್ನು ನಿಲ್ಲಿಸಿದರು. ಮೂಳೆ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಿದವರು ನೀವೇ ಮೊದಲಿಗರಲ್ಲ ಎಂದರು. ಗಂಟಲಿನ ನರ ಸೋತು ನಾಯಿಗೆ ಜೊಲ್ಲು ನುಂಗಲಾಗುವುದಿಲ್ಲ. ಆ ಜೊಲ್ಲಿನಲ್ಲೇ ರೋಗ ಇರುವುದು. ಕಚ್ಚಲೇಬೇಕೆಂದಿಲ್ಲ, ಗೀಚಿದ ಗಾಯಕ್ಕೆ ತಾಗಿದರೂ ಸಾಕು. ತಡ ಮಾಡಿದ್ದೀರಿ, ಆದರೂ ಇವತ್ತಾದರೂ ಬಂದಿರಿ, ತೋಳು ಮಡಚಿ ಎಂದರು.

ಸೂಜಿಯ ಕೋಣೆಯ ಬಾಗಿಲಲ್ಲಿ ಬೀಗಿತ್ತಿ ಬೀಗರನ್ನು ಗೇಟಿನಿಂದ ಎಳೆತಂದು ಹಿಡಿದುಕೊಂಡು ನಿಂತಿದ್ದರು. ನಾನು ಅಂಗಿಯ ತೋಳು ಮಡಚುತ್ತಿದ್ದೆ. ಮಡಿಕೆ ಜಾರಿ ಜಾರಿ ಇಳಿಯುತ್ತಿತ್ತು. ಸೂಜಿಗೆ ಹೆದರಿದ್ದಲ್ಲ. ಹೊರಗೆ ನಿಂತಿರುವವರು ಒಳಗೆ ಬರದಿದ್ದರೆ ಎನ್ನುವ ಹೆದರಿಕೆ. ಬೀಗರು ಒಂದು ಹೆಜ್ಜೆ ಹತ್ತಿರ ಬಂದು ನನ್ನ ಮುಖವನ್ನು, ಟಿಕೆಟ್ ಚೆಕ್ ಮಾಡುವವರ ಹಾಗೆ, ಬಗ್ಗಿ ನೋಡಿದರು.

"ಬೀಗ್ರೇ," ಎಂದರು ಮೆಲ್ಲಗೆ, "ಟಿಕೆಟ್ ತಗಣದೆ ಸಿಕ್ಕಾಕ್ಕೊಂಡೋರ ಥರ ಇದೀರಲ್ರಿ."

"ಹೂಂ," ಎಂದೆ.

ಅವರು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಮಣಿಕಟ್ಟಿನ ಗುಂಡಿ ಬಿಚ್ಚಿದರು.

ಸುಣ್ಣ, ಕಾರದಪುಡಿಯ ಹೆಪ್ಪಿನ ಕೆಳಗೆ ಗಾಯ ಇನ್ನೂ ಮಾಗಿರಲಿಲ್ಲ. ನರ್ಸಮ್ಮ ಅದನ್ನು ನಲ್ಲಿಯ ಕೆಳಗೆ ಹಿಡಿಸಿ, ಸೋಪು ಹಾಕಿ, ನಮ್ಮ ಬೀಗಿತ್ತಿ ಪಾತ್ರೆ ತಿಕ್ಕುವಷ್ಟು ಹೊತ್ತು ತೊಳೆದಳು. ಕಚ್ಚಿದ ಗಳಿಗೆಯಲ್ಲೇ ಹೀಗೆ ಹದಿನೈದು ನಿಮಿಷ ಹರಿಯುವ ನೀರಲ್ಲಿ ಸೋಪು ಹಚ್ಚಿ ತೊಳೆದಿದ್ದರೆ ಅರ್ಧ ಕೆಲಸ ಆಗಿರುತ್ತಿತ್ತು, ಸುಣ್ಣ ಕಾರ ಮೆತ್ತಿ ಯಾಕ್ರೀ ಸುಟ್ಕೊಂಡ್ರಿ ಎಂದು ಬೈದಳು. ಪಥ್ಯದ ಬಗ್ಗೆ ಬೀಗರು ಕೇಳಿದರು. ಏನು ಬೇಕಾದರೂ ತಿನ್ನಿ, ದಿನ ಮಾತ್ರ ತಪ್ಪಿಸಬೇಡಿ ಎಂದಳು. ಎರಡು ತೋಳಿಗೂ ಸಣ್ಣ ಸೂಜಿ. ಅಷ್ಟೇನಾ ಎನ್ನುವಂತೆ ಬೀಗರು ನನ್ನನ್ನು ನೋಡಿದರು. ಆಮೇಲೆ ಗಾಯದ ಸುತ್ತಲೇ ಇನ್ನೊಂದು ಮದ್ದು ಚುಚ್ಚಿದರು. ಲಸಿಕೆ ಮೈಯಲ್ಲಿ ಕೆಲಸ ಶುರು ಮಾಡುವವರೆಗೆ ಕಾವಲಿಗೆ ಇದು ಬೇಕಂತೆ. ಅದು ನಿಜಕ್ಕೂ ನೋಯುತ್ತದೆ. ಅದನ್ನು ನಾನು ಮುಂಚೆ ಹೇಳಿರಲಿಲ್ಲ. ಬೀಗರು ನನ್ನ ವಂಶದ ಬಗ್ಗೆ ಅವತ್ತು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾಗದು. ನನ್ನ ಬೆರಳಿನ ಸರದಿ ಬಂದಾಗ ನಾನು ಆಡಿದ್ದನ್ನೂ ಬರೆಯಲಾಗದು. ನಮ್ಮ ಮೊಮ್ಮಗಳು ಎರಡು ಕಿವಿಗೂ ಚುಚ್ಚಿಸಿಕೊಂಡು ಬೆಲ್ಲ ಚೀಪುತ್ತ ಕೂತಿದ್ದಳು ಎಂದು ಬೀಗಿತ್ತಿ ನಮ್ಮಿಬ್ಬರಿಗೂ ನೆನಪಿಸಿದರು.

ಇಬ್ಬರಿಗೂ ಒಂದೊಂದು ಕಾರ್ಡು. ಮೂರನೆಯ ದಿನ, ಏಳನೆಯ ದಿನ, ಇಪ್ಪತ್ತೆಂಟನೆಯ ದಿನ. ಅದೇ ಸಂಜೆ ಮನೆಗೆ ಹೋಗಿ, ನಾಯಿಯನ್ನು ಮುಟ್ಟಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಿಸಿ, ಬೆಳಿಗ್ಗೆ ದುರ್ಗದ ಆಸ್ಪತ್ರೆಗೆ ಕಳಿಸಿದೆ. ಪಕ್ಕದ ಮನೆಯವನ ಬಾಗಿಲು ಬಡಿದು, ನೀನು ವಿಷ ಹಾಕಿರಲಿಲ್ಲ ಎಂದು ಹೇಳಿದೆ. ಅದು ನನಗೆ ಮೊದಲೇ ಗೊತ್ತಿತ್ತು ಎಂದು ಅವನು ಬಾಗಿಲು ಹಾಕಿಕೊಂಡ.

ಮುಂದಿನ ಸೂಜಿಗಳಿಗೆ ಬೀಗರು ತಪ್ಪಿಸಿಕೊಳ್ಳುತ್ತಾರೆಂದು ನನಗೆ ಅನುಮಾನ, ನಾನು ತಪ್ಪಿಸಿಕೊಳ್ಳುತ್ತೇನೆಂದು ಅವರಿಗೆ ಅನುಮಾನ. ಹೀಗಾಗಿ ನಾನು ನನ್ನ ಸೂಜಿಗಳನ್ನೂ ಹಿರಿಯೂರಿನಲ್ಲೇ ಹಾಕಿಸಿಕೊಂಡೆ. ಬಸ್ ನಿಲ್ದಾಣದಲ್ಲಿ ಒಬ್ಬರನ್ನೊಬ್ಬರು ಕಾದು, ಕಾರ್ಡು ತೋರಿಸಿಕೊಂಡು ಒಟ್ಟಿಗೆ ಹೋಗುತ್ತಿದ್ದೆವು. ನನ್ನ ಕಾರ್ಡಿನ ತಾರೀಖನ್ನು ಅವರು ಬೆಳಕಿಗೆ ಹಿಡಿದು ನೋಡುತ್ತಿದ್ದರು, ನಾನೇ ಬರೆದುಕೊಂಡಿರಬಹುದೆಂದು.

ಇಪ್ಪತ್ತೆಂಟನೆಯ ದಿನದ ಸೂಜಿ ಮುಗಿಸಿ ಯಲ್ಲದಕೆರೆಯಲ್ಲಿ ಊಟಕ್ಕೆ ಕೂತೆವು. ಬದನೆಕಾಯಿ ಎಣ್ಣೆಗಾಯಿ. ನಲವತ್ತು ದಿನದ ಪಥ್ಯಕ್ಕೆ ಇನ್ನೂ ನಾಲ್ಕು ದಿನವಿತ್ತು. ಬೀಗರು ಒಂದಾದ ಮೇಲೊಂದು ಬದನೆಕಾಯಿ ಇಳಿಸಿದರು, ನಾನು ಸಂತೋಷಪಟ್ಟೆ. ಆಮೇಲೆ ನೀರಿನ ಚೊಂಬಿಗೆ ಕೈ ಹಾಕಿದರು.

ಆ ರೋಗ ಬಂದವರಿಗೆ ನೀರು ಕಂಡರೆ ಗಂಟಲು ಹಿಡಿಯುತ್ತದೆ ಎಂದು ಎಲ್ಲರೂ ಬಲ್ಲರು. ಈ ಒಂದು ತಿಂಗಳು ಅವರು ನೀರು ಕುಡಿಯುವಾಗೆಲ್ಲ ನಾನು ಕಳ್ಳನ ಹಾಗೆ ಅವರ ಗಂಟಲನ್ನೇ ನೋಡುತ್ತಿದ್ದೆ. ಅವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ.

ಬೀಗರು ಚೊಂಬನ್ನು ತುಟಿಗೆ ತಂದು ತಟ್ಟನೆ ನಿಂತರು. ಕಣ್ಣು ಅಗಲವಾಯಿತು. ಕತ್ತಿನ ನರ ಬಿಗಿಯಿತು. ಚೊಂಬನ್ನು ದೂರ ತಳ್ಳಿದರು, ನೀರು ಎಲೆಯ ಮೇಲೆಲ್ಲ ಚೆಲ್ಲಿತು. ನಾನು ಎದ್ದೆನೋ ಬಿದ್ದೆನೋ ತಿಳಿಯದು, ಎಂಜಲು ಕೈಯಲ್ಲೇ ಅವರ ಎರಡು ಭುಜ ಹಿಡಿದಿದ್ದೆ.

ಬೀಗರು ನನ್ನ ಮುಖವನ್ನು ಚೆನ್ನಾಗಿ, ಸಾವಕಾಶವಾಗಿ ನೋಡಿ ಮುಗಿಸಿದರು. ಆಮೇಲೆ ಚೊಂಬನ್ನು ಎತ್ತಿಕೊಂಡು ಉಳಿದ ನೀರನ್ನು ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡರು.

"ಹಿರಿಯೂರು ಹೋಯ್ತು ಅಂತ ಎಷ್ಟು ಸಲ ಓಡ್ಸಿದೀರಿ ನನ್ನ," ಎಂದರು. "ಕುಂತ್ಕಳ್ರಿ. ಇನ್ನೂ ಐಮಂಗ್ಲ ಬಂದಿಲ್ಲ."

ಆಮೇಲೆ ಬೀಗಿತ್ತಿಗೆ ಹೇಳಿ ಇನ್ನೊಂದು ಚೊಂಬು ನೀರು ತರಿಸಿ ನನ್ನ ಮುಂದಿಟ್ಟರು. ನಾನು ಕುಡಿದು ಮುಗಿಸುವವರೆಗೂ ನನ್ನ ಗಂಟಲನ್ನೇ ನೋಡುತ್ತ ಕೂತರು.